ಮೊದಲು ಗೊರಕೆಯ ಬಗ್ಗೆ ಮಾತಾಡಿ

ಓದುಗರೊಬ್ಬರು ಬರೆದಿದ್ದಾರೆ: "ಮದುವೆಯಾಗಿ ಒಂಬತ್ತು ವರ್ಷ. ಅಷ್ಟರಲ್ಲಿ ನನ್ನವರ ತೂಕ 22 ಕಿಲೋ ಏರಿದೆ. ರಾತ್ರಿ ಜೋರು ಗೊರಕೆ. ನಡುವೆ ಉಸಿರೇ ನಿಂತಂತಾಗಿ ಬೆಚ್ಚಿ ಏಳುತ್ತಾರೆ. ಹಗಲೆಲ್ಲ ತೂಕಡಿಕೆ. ಡಾಕ್ಟರ ಹತ್ತಿರ ಹೋಗೋಣ ಅಂದರೆ 'ನಾಳೆ' ಅನ್ನುತ್ತಾರೆ. ಊಟಕ್ಕೆ ಕೂತಾಗ ನಾನು ಏನಾದರೂ ಅಂದುಬಿಡುತ್ತೇನೆ, ಅವರು ಎದ್ದು ಹೋಗುತ್ತಾರೆ. ಈಗ ಅವರು ಹತ್ತಿರ ಬರುವುದೂ ನನಗೆ ಬೇಡವಾಗಿದೆ. ದೇಹ ಅವರದ್ದು, ಜವಾಬ್ದಾರಿಯೂ ಅವರದ್ದೇ ಅಲ್ವಾ? ನಾನು ಕೆಟ್ಟವಳೇ?"

ನೀವು ಕೆಟ್ಟವರಲ್ಲ ಅಮ್ಮಾ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಹೆದರಿಸಿದ್ದು ಆ ಗೊರಕೆಯ ಸಾಲು. ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ಹತ್ತು ಸೆಕೆಂಡೋ ಅದಕ್ಕಿಂತ ಹೆಚ್ಚೋ ನಿಲ್ಲುವ ತೊಂದರೆಗೆ ಸ್ಲೀಪ್ ಆಪ್ನಿಯಾ ಅನ್ನುತ್ತಾರೆ. ಕುತ್ತಿಗೆಯ ಸುತ್ತ ಕೊಬ್ಬು ಸೇರಿದರೆ ಉಸಿರಿನ ದಾರಿ ಕಿರಿದಾಗುತ್ತದೆ, ಮಲಗಿದಾಗ ಮುಚ್ಚಿಕೊಳ್ಳುತ್ತದೆ. ಮೆದುಳು ಗಾಬರಿಯಿಂದ ಎಬ್ಬಿಸುತ್ತದೆ. ರಾತ್ರಿಯಿಡೀ ಇದೇ ನಡೆದರೆ ಬಿಪಿ ಏರುತ್ತದೆ. ನಿದ್ದೆ ಕೆಟ್ಟವರಿಗೆ ಹಸಿವು ಜಾಸ್ತಿ, ಎದ್ದು ನಡೆಯುವ ಮನಸ್ಸು ಕಡಿಮೆ. ಹೊರಗಿನಿಂದ ಸೋಮಾರಿತನದಂತೆ ಕಾಣುವುದರ ಹಿಂದೆ ಈ ಸುಸ್ತು ಇರಬಹುದು.

ಇನ್ನು ಜವಾಬ್ದಾರಿ. ದೇಹದಲ್ಲಿ ಕೊಬ್ಬು ಎಷ್ಟಿದೆ ಎಂಬ ಸುದ್ದಿಯನ್ನು ಕೊಬ್ಬಿನ ಕಣಗಳು ಲೆಪ್ಟಿನ್ ಎಂಬ ಹಾರ್ಮೋನಿನ ಮೂಲಕ ಮೆದುಳಿಗೆ ಮುಟ್ಟಿಸುತ್ತವೆ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಇದನ್ನು ಕಂಡುಹಿಡಿಯಿತು. ತೂಕ ಇಳಿದರೆ ಲೆಪ್ಟಿನ್ ಕಡಿಮೆಯಾಗುತ್ತದೆ, ಹಸಿವು ಹೆಚ್ಚುತ್ತದೆ, ದೇಹ ಶಕ್ತಿಯ ಖರ್ಚನ್ನೂ ಹಿಡಿತಕ್ಕೆ ತರುತ್ತದೆ. ಥೈರಾಯ್ಡ್ ಕುಂದಿದರೂ, ಸ್ಟೀರಾಯ್ಡ್ ತೆಗೆದುಕೊಂಡರೂ ತೂಕ ಏರಬಹುದು. ಹಾಗಾಗಿ ಆ 22 ಕಿಲೋಗೆ ಅವರೊಬ್ಬರೇ ಹೊಣೆ ಅನ್ನಲು ನನಗೆ ಮನಸ್ಸಿಲ್ಲ.

ಡಾಕ್ಟರ ಹತ್ತಿರ ಹೋಗುವುದು ಮಾತ್ರ ಅವರ ಕೈಯಲ್ಲೇ ಇದೆ. ಅದನ್ನು ನಾಳೆ ನಾಳೆ ಅಂತ ತಳ್ಳುತ್ತಿರುವುದು ತಪ್ಪು. ಪಕ್ಕದಲ್ಲಿ ಮಲಗುವ ಜೀವ ಪ್ರತಿ ರಾತ್ರಿ ಹೆದರಿ ಎಚ್ಚರವಿರುವಾಗ 'ನನ್ನ ದೇಹ, ನನ್ನಿಷ್ಟ' ಅಂದು ಸುಮ್ನೆ ಇರಲು ಆಗುವುದಿಲ್ಲ. ನೀವು ಜಗಳ ಆಡುವುದಾದರೆ ಇದಕ್ಕೇ ಆಡಿ.

ಊಟದ ಹೊತ್ತಿನ ಮಾತನ್ನು ಇವತ್ತೇ ಬಿಡಿ. ಇಂಗ್ಲೆಂಡಿನಲ್ಲಿ 50 ದಾಟಿದ ಸುಮಾರು 3,000 ಜನರನ್ನು ನಾಲ್ಕು ವರ್ಷ ಗಮನಿಸಿದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ತೂಕದ ಕಾರಣಕ್ಕೆ ಜನ ನಮ್ಮನ್ನು ಕೀಳಾಗಿ ಕಂಡರು ಅಂದವರ ತೂಕ ಸರಾಸರಿ ಏರಿತ್ತು, ಉಳಿದವರದ್ದು ಸ್ವಲ್ಪ ಇಳಿದಿತ್ತು. ನೀವು ಅವಮಾನಿಸಲು ಅಂದಿಲ್ಲ, ಗೊತ್ತು. ತಟ್ಟೆಯ ಮುಂದೆ ಕೂತವರಿಗೆ ಅದು ಹಾಗೇ ಕೇಳಿಸುತ್ತದೆ.

ಹತ್ತಿರ ಬರುವುದು ಬೇಡವಾಗಿದೆ ಅಂದಿರಿ. ಬರೆಯಲು ಎಷ್ಟು ಸಂಕಟಪಟ್ಟಿರೋ. ಒಂದು ಮಾತು ನಿಮ್ಮನ್ನೇ ಕೇಳಿಕೊಳ್ಳಿ: ಬೇಡವಾಗಿರುವುದು ಅವರ ದೇಹವೋ, ಆ 'ನಾಳೆ'ಯೋ? ನನಗನ್ನಿಸುವುದು, ನಿಮ್ಮ ಮಾತಿಗೆ ಬೆಲೆಯಿಲ್ಲದೆ ಹೋದದ್ದೇ ಹೆಚ್ಚು ನೋಯಿಸಿದೆ. ಹಾಗಿದ್ದರೆ ಅದನ್ನೇ ಹೇಳಿ, ಹೊಟ್ಟೆಯ ವಿಷಯ ಎತ್ತಬೇಡಿ. ದೇಹವೂ ಕಾರಣವಾಗಿದ್ದರೆ ಅದೇನು ಅಪರಾಧವಲ್ಲ. ಆಸೆ ನಾವು ಹೇಳಿದಂತೆ ಕೇಳುವುದಿಲ್ಲ. ಆದರೆ 'ತೂಕ ಇಳಿಸಿದರೆ ಮಾತ್ರ' ಎಂಬ ಷರತ್ತು ಹಾಕಬೇಡಿ. ಆ ಮಾತನ್ನು ಗಂಡಸರಾಗಲಿ ಹೆಂಗಸರಾಗಲಿ ಮರೆಯುವುದಿಲ್ಲ.

ಊಟದ ಮುಂದೆಯೂ ಬೇಡ, ಹಾಸಿಗೆಯಲ್ಲೂ ಬೇಡ, ಇಬ್ಬರೂ ನಡೆದು ಹೋಗುವಾಗ ಹೇಳಿ: "ರಾತ್ರಿ ನಿಮ್ಮ ಉಸಿರು ನಿಂತಾಗ ನನ್ನ ಜೀವ ಬಾಯಿಗೆ ಬರುತ್ತೆ. ಈ ವಾರ ಒಟ್ಟಿಗೆ ಹೋಗೋಣ." ಗೊರಕೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಡಾಕ್ಟರಿಗೆ ಕೇಳಿಸಿ. ನಿದ್ದೆಯ ಪರೀಕ್ಷೆ ಮಾಡಿಸುತ್ತಾರೆ. ಮಾಸ್ಕಿನಿಂದ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರದ ಚಿಕಿತ್ಸೆ 1981ರಿಂದಲೂ ಇದೆ. ತೂಕ ನೂರಕ್ಕೆ ಹತ್ತರಷ್ಟು ಇಳಿದರೂ ಉಸಿರು ನಿಲ್ಲುವುದು ಸುಮಾರು ಕಾಲುಭಾಗ ತಗ್ಗಬಹುದು ಎಂದು ಅಧ್ಯಯನವೊಂದು ಕಂಡುಕೊಂಡಿದೆ. 22 ಕಿಲೋ ಪೂರ್ತಿ ಇಳಿಯುವವರೆಗೆ ಕಾಯಬೇಕಿಲ್ಲ.

ಹಗಲಿನ ತೂಕಡಿಕೆ ಹೋಗುವವರೆಗೆ ಅವರು ಗಾಡಿ ಓಡಿಸದಿರಲಿ. ಈ ಒಂದು ವಿಷಯದಲ್ಲಿ ಮುನಿಸಿಕೊಂಡರೂ ಬಿಟ್ಟುಕೊಡಬೇಡಿ.