ಎತ್ತಿಕೊಂಡು ಹೋಗ್ತೀವಿ ಅಂದರೆ ಸಾಕಾ?

ಗಂಗಾವತಿಯ ಓದುಗರೊಬ್ಬರು ಬರೆದಿದ್ದಾರೆ: ‘ಜಪಾನಿನ ದ್ವೀಪಗಳ ಕಲಾ ಉತ್ಸವದ ಲೇಖನ ಓದಿದೆ. ನಾನು ಗಾಲಿಕುರ್ಚಿಯಲ್ಲಿ ಓಡಾಡುವವಳು. ಅಲ್ಲಿಗೆ ನನ್ನಂಥವರು ಹೋಗಬಹುದಾ? ಆನೆಗೊಂದಿಯ ಹೊಳೆದಂಡೆ ಮೇಲೆ, ನಡುಗಡ್ಡೆ ಮೇಲೆ ಅಂಥದ್ದೇ ಬಯಲು ಪ್ರದರ್ಶನ ಮಾಡೋಣ ಅಂತ ನಮ್ಮ ಕಲಾವಿದ ಗೆಳೆಯರು ಮಾತಾಡುತ್ತಿದ್ದಾರೆ. ನಾನು ಹೇಗೆ ಬರಲಿ ಅಂದರೆ, “ನಾಲ್ಕು ಮಂದಿ ಎತ್ತಿ ಇಳಿಸ್ತೀವಿ ಬಿಡ್ರಿ ಅಕ್ಕಾರ” ಅಂತಾರೆ. ನನಗೆ ಎತ್ತಿಸಿಕೊಳ್ಳುವುದು ಬೇಡ. ಇದು ಹಟವಾ? ಇನ್ನೊಂದು ಮಾತು, ಜೊತೆಗೆ ಬರುವವರಿಗೂ ಟಿಕೆಟ್ ತಗೊಳ್ಳಬೇಕಾ?’

ಹಟ ಅಲ್ಲವೇ ಅಲ್ಲ. ಆ ಹುಡುಗರ ಮನಸ್ಸು ಒಳ್ಳೆಯದೇ. ನಮ್ಮ ಕಡೆ ಜಾತ್ರೆಯಲ್ಲಿ, ಬಸ್ಸಿನಲ್ಲಿ, ಅಂಜನಾದ್ರಿ ಮೆಟ್ಟಿಲಲ್ಲಿ ಹೀಗೆ ಕೈ ಕೊಡುವವರು ಯಾವಾಗಲೂ ಸಿಗುತ್ತಾರೆ. ಆದರೆ ನಿಮ್ಮನ್ನು ಎತ್ತಿ ಹರಗೋಲಿಗೆ ಇಳಿಸಿದಾಗ ಕುರ್ಚಿ ಎಲ್ಲಿರುತ್ತದೆ? ದಂಡೆಯಲ್ಲೇ. ಆಚೆ ಗಡ್ಡೆಯಲ್ಲಿ ಅವರು ಕೂರಿಸಿದ ಜಾಗದಿಂದ ಏನು ಕಾಣುತ್ತೋ ಅಷ್ಟೇ ನಿಮ್ಮ ಪಾಲಿಗೆ ಪ್ರದರ್ಶನ. ಶಿಲ್ಪ ನೋಡುವುದು ಅಂದರೆ ಹತ್ತಿರ ಹೋಗುವುದು, ಹಿಂದೆ ಸರಿಯುವುದು, ಸುತ್ತು ಹಾಕುವುದು, ಬೇಜಾರಾದರೆ ಅರ್ಧಕ್ಕೇ ಬಿಟ್ಟು ಮುಂದಿನದಕ್ಕೆ ಹೋಗುವುದು ಅಲ್ವಾ? ಅದಕ್ಕೆಲ್ಲ ಪ್ರತಿ ಸಲ ನಾಲ್ಕು ಮಂದಿಯನ್ನು ಕೂಗಬೇಕಾದರೆ ಯಾರಾದರೂ ಸುಮ್ನೆ ಕೂತುಬಿಡುತ್ತಾರೆ. ಬೆನ್ನುಹುರಿಗೆ ಪೆಟ್ಟಾದವರನ್ನು ಗೊತ್ತಿಲ್ಲದವರು ಎತ್ತುವುದು ಅಪಾಯವೂ ಹೌದು.

ಈಗ ಜಪಾನಿಗೆ ಬರೋಣ. ಸೆಟೊ ಒಳಸಮುದ್ರದ ದ್ವೀಪಗಳಲ್ಲಿ ಸೆಟೊಉಚಿ ಉತ್ಸವ 2010ರಿಂದ ಮೂರು ವರ್ಷಕ್ಕೊಮ್ಮೆ ನಡೆಯುತ್ತಿದೆ. ನಿಮ್ಮ ಪ್ರಶ್ನೆಗೆ ಉತ್ತರ: ಪೂರ್ತಿ ಅಲ್ಲ, ಒಂದಷ್ಟು. ನಾವೋಶಿಮಾ ದ್ವೀಪಕ್ಕೆ ಕಾರು ಹೊರುವ ದೊಡ್ಡ ಹಡಗು ಹೋಗುತ್ತದೆ. ಕಾರು ಹತ್ತುವ ದಾರಿಯಲ್ಲಿ ಗಾಲಿಕುರ್ಚಿಯೂ ಉರುಳುತ್ತದೆ. ಇನುಜಿಮಾ ಸಣ್ಣ ದ್ವೀಪ, ಅಲ್ಲಿಗೆ ಜನರನ್ನು ಒಯ್ಯುವ ಸಣ್ಣ ದೋಣಿ ಮಾತ್ರ. ಅಲ್ಲಿಂದಲೇ ಕಷ್ಟ ಶುರು. ನಾವೋಶಿಮಾದಲ್ಲೂ ಹೊನ್‌ಮುರಾ ಊರಿನ ಹಳೇ ಮನೆಗಳನ್ನೇ ಕಲಾಕೃತಿ ಮಾಡಿದ್ದಾರೆ. ಹೊಸ್ತಿಲು, ಮೆಟ್ಟಿಲು ಸಾಕಷ್ಟಿವೆ. ಅಲ್ಲಿನ ಗುಡಿಯೊಂದನ್ನು ಕಲಾವಿದ ಹಿರೋಶಿ ಸುಗಿಮೊಟೊ ಮತ್ತೆ ಕಟ್ಟಿದರು. ಅದರ ನೆಲದಡಿಯ ಕೋಣೆಗೆ ಕಿರಿದಾದ ಸಂದಿಯಲ್ಲಿ ನುಸುಳಬೇಕು. ನನಗೆ ಹೆಚ್ಚು ಹಿಡಿಸಿದ್ದು ಕಲಾವಿದೆ ಯಾಯೋಯಿ ಕುಸಾಮಾ ಅವರ ಕೆಂಪು ಕುಂಬಳಕಾಯಿ ಶಿಲ್ಪ. ಅದನ್ನು ಇಟ್ಟಿರುವುದು ಹಡಗು ನಿಲ್ಲುವ ಮಿಯಾನೊಉರಾ ಬಂದರಿನ ಬಯಲಿನಲ್ಲೇ. ಇಳಿದವರೆಲ್ಲ ಮೊದಲು ಅದರ ಮುಂದೆಯೇ ನಿಲ್ಲುತ್ತಾರೆ. ದ್ವೀಪದ ಗುರುತೇ ಆಗಿಬಿಟ್ಟಿರುವ ಕೃತಿಯನ್ನು ನೋಡಲು ಬೆಟ್ಟ ಹತ್ತಬೇಕಿಲ್ಲ.

ನಿಮ್ಮ ಗೆಳೆಯರಿಗೆ ನಾನು ಹೇಳುವುದು ಇದನ್ನೇ. ಮೊದಲು ದಾರಿ ನೋಡಿ, ಆಮೇಲೆ ಕೃತಿಯ ಜಾಗ ಗುರುತು ಮಾಡಿ. ನಮ್ಮಲ್ಲಿ ಎಲ್ಲ ತಿರುವುಮುರುವು. ಕೃತಿಗಳನ್ನೆಲ್ಲ ನಿಲ್ಲಿಸಿ, ಉದ್ಘಾಟನೆಯ ಹಿಂದಿನ ಸಂಜೆ ‘ರ‍್ಯಾಂಪ್ ಒಂದು ಹಾಕಿಸಿ’ ಅನ್ನುತ್ತಾರೆ. ಒಂದು ಅಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಶಾಮಿಯಾನದವರು ತಂದು ಒರಗಿಸುವುದು ಲಾರಿಗೆ ಬೈಕು ಹತ್ತಿಸುವ ಹಲಗೆಯಂಥದ್ದು. ಅದರಲ್ಲಿ ಕುರ್ಚಿ ಹಿಂದಕ್ಕೇ ಮಗುಚುತ್ತದೆ.

ಹೊಳೆಯ ವಿಷಯ ಇನ್ನೂ ತೊಡಕು. ತುಂಗಭದ್ರೆಯ ನೀರು ಮುನಿರಾಬಾದಿನ ಅಣೆಕಟ್ಟಿನ ಗೇಟು ನೋಡಿಕೊಂಡು ಏರುತ್ತದೆ, ಇಳಿಯುತ್ತದೆ. ಬೇಸಿಗೆಯಲ್ಲಿ ಬಂಡೆ ಬಂಡೆ ದಾಟಿ ದೋಣಿ ಹತ್ತಬೇಕು. ನವಬೃಂದಾವನಕ್ಕೆ ಹೋಗಿಬಂದವರಿಗೆ ಇದು ಗೊತ್ತು. ಹೀಗಿರುವಾಗ ದಂಡೆಯಲ್ಲಿ ಸಿಮೆಂಟಿನ ಕಟ್ಟೆ ಕಟ್ಟಿದರೆ ನೀರು ಇಳಿದಾಗ ಅದು ಮೇಲೆಲ್ಲೋ ಉಳಿಯುತ್ತದೆ. ಕೊಚ್ಚಿಯಲ್ಲಿ 2023ರ ಏಪ್ರಿಲ್‌ನಲ್ಲಿ ಶುರುವಾದ ವಾಟರ್ ಮೆಟ್ರೋ ಎಂಬ ದೋಣಿ ಸೇವೆಯಲ್ಲಿ ಇದಕ್ಕೆ ಉಪಾಯ ಮಾಡಿದ್ದಾರೆ. ಅಲ್ಲಿ ಜೆಟ್ಟಿಯೇ, ಅಂದರೆ ದೋಣಿ ಹತ್ತುವ ಕಟ್ಟೆಯೇ ತೇಲುತ್ತದೆ. ನೀರು ಏರಿದರೆ ಅದೂ ಏರುತ್ತದೆ. ಹಾಗಾಗಿ ದೋಣಿಯ ನೆಲ, ಜೆಟ್ಟಿಯ ನೆಲ ಸಮ ಇರುತ್ತವೆ. ಆನೆಗೊಂದಿಯಲ್ಲಿ ಒಂದು ವಾರದ ಪ್ರದರ್ಶನಕ್ಕೆ ಅಷ್ಟು ದುಡ್ಡು ಯಾರು ಕೊಡುತ್ತಾರೆ? ಕೊಡುವವರು ಇಲ್ಲದಿದ್ದರೆ ಮೊದಲ ವರ್ಷ ಗಡ್ಡೆಯನ್ನು ಬಿಟ್ಟುಬಿಡಿ. ಕಲಾವಿದರು ಒಪ್ಪಲಿಕ್ಕಿಲ್ಲ. ಒಂದೇ ಒಂದು ಕೃತಿಗೆ ಗಡ್ಡೆ ಬೇಕೇ ಬೇಕು ಅಂದರೆ ಇರಲಿ. ಆದರೆ ಪ್ರದರ್ಶನದ ಮುಖ್ಯ ಕೃತಿ ಅದಾಗಬಾರದು. ‘ಇಲ್ಲಿಗೆ ಗಾಲಿಕುರ್ಚಿ ಬರುವುದಿಲ್ಲ’ ಅಂತ ಕರಪತ್ರದಲ್ಲೇ ಅಚ್ಚು ಹಾಕಿಸಬೇಕು. ಗಂಗಾವತಿಯಿಂದ ಬಾಡಿಗೆ ಗಾಡಿ ಮಾಡಿಕೊಂಡು ಬಂದ ಮೇಲೆ ಅದು ಗೊತ್ತಾಗಬಾರದು.

ದಂಡೆಯ ಮರಳಿಗೆ ಹಲಗೆಯ ಹಾದಿ ಸಾಕು. ಚೆನ್ನೈನ ಮರೀನಾ ಕಡಲತೀರದಲ್ಲಿ 2022ರ ನವೆಂಬರ್‌ನಲ್ಲಿ ಅಂಗವಿಕಲರಿಗಾಗಿ ಮರದ ಹಾದಿ ಮಾಡಿದರು. ಮುಂದಿನ ತಿಂಗಳೇ ಚಂಡಮಾರುತಕ್ಕೆ ಒಂದಷ್ಟು ಕಿತ್ತುಹೋಯಿತು, ಮತ್ತೆ ರಿಪೇರಿ ಮಾಡಿದರು.

ಶೌಚಾಲಯದ ಬಗ್ಗೆ ನೀವು ಬರೆದಿಲ್ಲ. ಸಂಕೋಚ ಇರಬಹುದು. ನಿಮ್ಮಂಥ ಎಷ್ಟೋ ಹೆಣ್ಣುಮಕ್ಕಳು ಹೊರಗೆ ಹೋಗುವ ದಿನ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ನಮ್ಮ ಬಿಸಿಲಿಗೆ ಇದು ಆಗುವ ಮಾತಾ? ಬಾಗಿಲು ಹೊರಗೆ ತೆರೆಯಬೇಕು, ಕುರ್ಚಿ ತಿರುಗುವಷ್ಟು ಜಾಗ ಬೇಕು, ಹಿಡಿದುಕೊಳ್ಳಲು ಕಂಬಿ ಬೇಕು. ಮುಖ್ಯವಾಗಿ ಅದರೊಳಗೆ ಸಂಘಟಕರ ಬ್ಯಾನರು, ಕುರ್ಚಿ ತುಂಬಿ ಬೀಗ ಹಾಕಬಾರದು.

ಕಣ್ಣು ಕಾಣದವರನ್ನೂ ಮರೆಯಬೇಡಿ ಅಂತ ಗೆಳೆಯರಿಗೆ ಹೇಳಿ. ಕೊಪ್ಪಳ ಜಿಲ್ಲೆಯವರಿಗೆ ಇದು ಕಷ್ಟದ ಕೆಲಸವೇ ಅಲ್ಲ. ಕಿನ್ನಾಳದ ಚಿತ್ರಗಾರರು ಹಗುರ ಮರದಲ್ಲಿ ಆನೆ, ಗರುಡ, ದೇವರನ್ನು ಮಾಡುವವರು. ದೊಡ್ಡ ಶಿಲ್ಪಗಳ ಚಿಕ್ಕ ಮಾದರಿಗಳನ್ನು ಅವರಿಂದಲೇ ಮಾಡಿಸಿ, ಮುಟ್ಟಿ ನೋಡಲು ಇಡಬಹುದು. ಬ್ರೈಲ್ ಓದಲು ಬಾರದವರೂ ಇರುತ್ತಾರೆ. ಅವರಿಗೆ ಮೊಬೈಲಿನಲ್ಲಿ ಕೇಳುವ ಕನ್ನಡ ವಿವರಣೆ ಜಾಸ್ತಿ ಉಪಯೋಗ.

ಕಾನೂನು ನಿಮ್ಮ ಕಡೆಗಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 29ನೇ ಸೆಕ್ಷನ್ ಕಲೆ, ಸಂಸ್ಕೃತಿ, ಮನರಂಜನೆಯಲ್ಲೂ ನಿಮಗೆ ಸಮಾನ ಪಾಲು ಕೊಡುತ್ತದೆ. ಅನುಕೂಲ ಕಲ್ಪಿಸುವ ಮಾನದಂಡಗಳು ಬರೀ ಸಲಹೆಯಾಗಿ ಉಳಿದರೆ ಸಾಲದು, ಕಡ್ಡಾಯ ಆಗಬೇಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಆದರೆ ಗೆಳೆಯರ ಜೊತೆ ಕಾನೂನಿನಿಂದ ಮಾತು ಶುರು ಮಾಡಬೇಡಿ. ಜಾಗ ನೋಡಲು ಹೋಗುವ ದಿನ ನೀವೂ ಕುರ್ಚಿ ಸಮೇತ ಹೋಗಿ. ಚಕ್ರ ಎಲ್ಲಿ ಹೂತಿತು ಅನ್ನುವುದನ್ನು ಅವರೇ ನೋಡಲಿ.

ಇನ್ನು ಟಿಕೆಟ್. ನಿಮ್ಮದು ನೀವು ತಗೊಳ್ಳಿ. ನಿಮಗೆ ನೆರವಾಗಲು ಬರುವವರಿಗೆ ಟಿಕೆಟ್ ಕೇಳಬಾರದು ಅನ್ನುವುದು ನನ್ನ ಮಾತು. ಗೇಟಿನಲ್ಲಿ ನಿಂತವರಿಗೆ ಇದು ಮೊದಲೇ ಗೊತ್ತಿರುವಂತೆ ಸಂಘಟಕರು ನೋಡಿಕೊಳ್ಳಬೇಕು. ನೀವು ಅಲ್ಲಿ ನಿಂತು ವಾದ ಮಾಡುವ ಹಾಗಾಗಬಾರದು.

— ಸಂ.