ತೊಡೆಯ ರಕ್ತನಾಳ ಮುಚ್ಚಿದ್ದರೆ ಹೃದಯದ ಅಬ್ಲೇಶನ್‌ಗೆ ಬೇರೆ ದಾರಿ ಇದೆಯೇ?

ಮುಧೋಳದಿಂದ ನೀವು ಕೇಳಿದ್ದು ಇಷ್ಟು: ತಾಯಿಗೆ 52 ವರ್ಷ, ಎದೆಬಡಿತ ಇದ್ದಕ್ಕಿದ್ದಂತೆ ನಿಮಿಷಕ್ಕೆ 180ಕ್ಕೆ ಏರುತ್ತದೆ, ಎವಿಎನ್‌ಆರ್‌ಟಿ (ಎವಿ ನೋಡ್ ಬಳಿ ವಿದ್ಯುತ್ ಸಂಕೇತ ಸುತ್ತು ಹಾಕುವುದರಿಂದ ಬರುವ ವೇಗದ ಬಡಿತ) ಎಂದಿದ್ದಾರೆ. ಅಬ್ಲೇಶನ್‌ಗೆಂದು (ತೊಡೆಯ ಅಭಿಧಮನಿಯಿಂದ ಕ್ಯಾತಿಟರ್ ಎಂಬ ತೆಳು ಕೊಳವೆ ಹಾಯಿಸಿ ಹೃದಯದೊಳಗಿನ ದೋಷದ ಜಾಗ ಸುಡುವ ಚಿಕಿತ್ಸೆ) ಒಳಗೆ ಕರೆದುಕೊಂಡು ಹೋಗಿ, ಎರಡೂ ತೊಡೆಸಂದಿನಲ್ಲಿ ವೈರ್ ಮೇಲೆ ಹೋಗುತ್ತಿಲ್ಲ ಎಂದು ವಾಪಸ್ ಕಳಿಸಿದರು. ಹಿಂದೆ ಹೆರಿಗೆಯಾದ ಮೇಲೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬೇರೆ ದಾರಿ ಉಂಟೇ?

ಉಂಟು. ಆದರೆ ನಾಳ ಎಲ್ಲಿ ಮುಚ್ಚಿದೆ ಎಂದು ತಿಳಿಯದೆ ಎರಡನೇ ಸಲ ಟೇಬಲ್ ಮೇಲೆ ಮಲಗಿಸಲು ದಯವಿಟ್ಟು ಒಪ್ಪಬೇಡಿ. ‘ವೈರ್ ಹೋಗಲಿಲ್ಲ’ ಎಂದರೆ ತೊಂದರೆ ತೊಡೆಯಲ್ಲೇ ಇರಬಹುದು, ಕಿಬ್ಬೊಟ್ಟೆಯೊಳಗಿನ ನಾಳದಲ್ಲಿರಬಹುದು, ಹೊಟ್ಟೆಯ ಮಹಾಭಿಧಮನಿಯಲ್ಲೂ ಇರಬಹುದು. ಪ್ರತಿಯೊಂದಕ್ಕೂ ಉಪಾಯ ಬೇರೆ.

ಮೊದಲು ಡಾಪ್ಲರ್ (ರಕ್ತನಾಳದ ಅಲ್ಟ್ರಾಸೌಂಡ್) ಮಾಡಿಸಿ. ತೊಡೆಸಂದಿನ ಮೇಲೆ ಪ್ರೋಬ್ ಒತ್ತಿದಾಗ ಒಳ್ಳೆಯ ಅಭಿಧಮನಿ ಚಪ್ಪಟೆಯಾಗಿ ಮಾಯವಾಗುತ್ತದೆ, ಪಕ್ಕದ ಅಪಧಮನಿ ಮಾತ್ರ ದುಂಡಗೆ ಉಳಿದು ಮಿಡಿಯುತ್ತದೆ. ಒತ್ತಿದರೂ ಚಪ್ಪಟೆಯಾಗದಿದ್ದರೆ ಒಳಗೆ ಹೆಪ್ಪು ಇದೆ ಎಂದರ್ಥ. ಹೊಟ್ಟೆಯೊಳಗಿನ ಭಾಗ ಡಾಪ್ಲರ್‌ಗೆ ಸರಿಯಾಗಿ ಕಾಣುವುದಿಲ್ಲ, ಅದಕ್ಕೆ ಸಿಟಿ ವೆನೋಗ್ರಾಂ, ಅಂದರೆ ಅಭಿಧಮನಿಗಳ ಸಿಟಿ ಸ್ಕ್ಯಾನ್ ಬೇಕು (ಬಣ್ಣದ ಔಷಧ ಕೊಡುವ ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿಸಿ). ಈ ಪರೀಕ್ಷೆಗಳಿಗಾಗಿ ಬೆಂಗಳೂರಿಗೆ ಓಡಬೇಕಿಲ್ಲ, ಬಾಗಲಕೋಟೆ ಅಥವಾ ಬೆಳಗಾವಿಯಲ್ಲೇ ಆಗುತ್ತವೆ. ಗೋಣಿನ ನಾಳಗಳನ್ನೂ ಅದೇ ದಿನ ನೋಡಿಸಿ. ಬರೀ ರಿಪೋರ್ಟ್ ಸಾಲದು, ಸಿಡಿಯನ್ನೂ ಕೇಳಿ ತೆಗೆದುಕೊಳ್ಳಿ.

ಒಂದು ಬದಿ ತೆರೆದಿದ್ದರೆ ಕೆಲಸ ಸುಲಭ. ಕ್ಯಾತಿಟರ್ ಹಾಯಿಸಲು ನಾಳದಲ್ಲಿ ಕೂರಿಸುವ ಹೊರಕೊಳವೆಗಳು, ಅಂದರೆ ಶೀತ್‌ಗಳು, ಸಾಮಾನ್ಯವಾಗಿ 6ರಿಂದ 8 ಫ್ರೆಂಚ್ ಇರುತ್ತವೆ. ಒಂದು ಫ್ರೆಂಚ್ ಎಂದರೆ ಮಿಲಿಮೀಟರಿನ ಮೂರನೇ ಒಂದು ಭಾಗ. ಒಂದೇ ನಾಳದಲ್ಲಿ ಎರಡು ಮೂರು ಶೀತ್ ಕೂರಿಸಬಹುದು. ಸೂಜಿಯನ್ನು ಮಾತ್ರ ಅಲ್ಟ್ರಾಸೌಂಡ್ ನೋಡುತ್ತಲೇ ಹಾಕಬೇಕು. ತೊಡೆಯಲ್ಲಿ ಕೆಳಗಿಳಿದಷ್ಟೂ ಅಪಧಮನಿ ಅಭಿಧಮನಿಯ ಮೇಲೆ ಸರಿದು ಬರುತ್ತದೆ. ಅಂದಾಜಿನ ಮೇಲೆ ತೀರಾ ಕೆಳಗೆ ಚುಚ್ಚಿದರೆ ಸೂಜಿ ಎರಡನ್ನೂ ತೂರಿ, ಎರಡು ನಾಳಗಳ ನಡುವೆ ರಕ್ತ ಹರಿಯುವ ಕಳ್ಳದಾರಿ ಉಳಿದುಬಿಡಬಹುದು.

ಎರಡೂ ಬದಿ ಮುಚ್ಚಿದ್ದರೆ ಬಲಗೋಣಿನ ಜುಗುಲರ್ ನಾಳವೇ ಮೊದಲ ಆಯ್ಕೆ. ಕೊರಳೆಲುಬಿನ (ಕಾಲರ್‌ಬೋನ್) ಕೆಳಗಿನ ನಾಳವೂ ಇದೆ, ಆದರೆ ಅಲ್ಲಿ ಶ್ವಾಸಕೋಶಕ್ಕೆ ಸೂಜಿ ತಾಗುವ ಭಯ ಹೆಚ್ಚು.

ಮೇಲಿನಿಂದ ಹೋಗುವಾಗಿನ ಕಷ್ಟ ಚುಚ್ಚುವುದರಲ್ಲಿಲ್ಲ, ಕ್ಯಾತಿಟರನ್ನು ಅಲುಗದಂತೆ ನಿಲ್ಲಿಸುವುದರಲ್ಲಿದೆ. ಸುಡಬೇಕಾದ ಜಾಗ ಬಲ ಹೃತ್ಕರ್ಣದ ತಳದಲ್ಲಿ, ಕೊರೊನರಿ ಸೈನಸ್ಸಿನ (ಹೃದಯದ್ದೇ ದೊಡ್ಡ ಅಭಿಧಮನಿ) ಬಾಯಿಯ ಹತ್ತಿರ. ಅದಕ್ಕಿಂತ ಸ್ವಲ್ಪ ಮೇಲೆಯೇ ಎವಿ ನೋಡ್ ಇದೆ, ಹೃತ್ಕರ್ಣದಿಂದ ಕೆಳಗಿನ ಕೋಣೆಗಳಿಗೆ ಬಡಿತದ ಸಂಕೇತ ದಾಟಿಸುವ ಜಾಗ ಅದು. ತೊಡೆಯಿಂದ ಬಂದ ಕ್ಯಾತಿಟರ್ ಅಲ್ಲಿ ತಾನಾಗಿ ಒರಗಿ ಕೂರುತ್ತದೆ, ಗೋಣಿನಿಂದ ಬಂದದ್ದು ಪ್ರತಿ ಉಸಿರಿಗೂ ಜಾರುತ್ತದೆ. ಕೆಲವೇ ಮಿಲಿಮೀಟರ್ ಮೇಲೆ ಜಾರಿದರೂ ನೋಡ್ ಸುಟ್ಟು, ಪೇಸ್‌ಮೇಕರ್ ಹಾಕಬೇಕಾದೀತು. ಅದಕ್ಕೇ ಬಾಗಿಸಬಹುದಾದ ಉದ್ದ ಶೀತ್ ಮತ್ತು ತ್ರೀಡಿ ಮ್ಯಾಪಿಂಗ್ (ಹೃದಯದೊಳಗೆ ಕ್ಯಾತಿಟರ್ ಎಲ್ಲಿದೆ ಎಂದು ಪರದೆಯ ಮೇಲೆ ತೋರಿಸುವ ವ್ಯವಸ್ಥೆ) ಇರುವ ಕಡೆಯೇ ಮಾಡಿಸಬೇಕೆಂದು ಒತ್ತಿ ಹೇಳುತ್ತೇನೆ. ಶಕ್ತಿಯನ್ನು 20–30 ವ್ಯಾಟ್‌ನಿಂದ ಶುರುಮಾಡಿ ನಿಧಾನ ಏರಿಸುತ್ತಾರೆ. ಸುಡುವಾಗ ಜಂಕ್ಷನಲ್ ಬಡಿತ (ನೋಡ್‌ನ ಸುತ್ತಲಿನಿಂದಲೇ ಹುಟ್ಟುವ ಬಡಿತ) ಬರುವುದು ಒಳ್ಳೆಯ ಸೂಚನೆ, ಆದರೆ ಅದರ ಹಿಂದೆ ಹೃತ್ಕರ್ಣದ ಅಲೆ ಕಾಣದಾದರೆ ಆ ಕ್ಷಣವೇ ನಿಲ್ಲಿಸಬೇಕು. ಕ್ರಯೋ, ಅಂದರೆ ಸುಡುವ ಬದಲು ಶೀತದಿಂದ ಮಾಡುವ ಅಬ್ಲೇಶನ್, ಸಿಗುವುದಾದರೆ ಇಂಥ ರೋಗಿಗೆ ನನ್ನ ಒಲವು ಅದರ ಕಡೆಗೆ: ಹಿಮಗಟ್ಟಿದ ಕ್ಯಾತಿಟರ್ ತುದಿ ಹೃದಯದ ಗೋಡೆಗೆ ಅಂಟಿಕೊಳ್ಳುವುದರಿಂದ ಜಾರುವುದಿಲ್ಲ. ಮೈನಸ್ 30 ಡಿಗ್ರಿಯಲ್ಲಿ ಮೊದಲು ಪರೀಕ್ಷಿಸಬಹುದು, ನೋಡ್‌ಗೆ ಪೆಟ್ಟಾಗುವ ಲಕ್ಷಣ ಕಂಡರೆ ಬೆಚ್ಚಗೆ ಮಾಡಿದಾಗ ಸಾಮಾನ್ಯವಾಗಿ ಮರಳುತ್ತದೆ. ರೋಗ ಮರುಕಳಿಸುವುದು ಮಾತ್ರ ಇದರಲ್ಲಿ ಸ್ವಲ್ಪ ಹೆಚ್ಚು.

ಯಕೃತ್ತಿನ ಮೂಲಕ ಹೋಗುವುದೂ ಉಂಟು. ಹೊಟ್ಟೆಯೊಳಗೆ ರಕ್ತ ಸೋರುವ ಅಪಾಯವಿರುವುದರಿಂದ ಅದು ಕಟ್ಟಕಡೆಯ ದಾರಿ.

ಅವಸರ ಬೇಡ. ಹೃದಯದಲ್ಲಿ ಬೇರೆ ದೋಷವಿಲ್ಲದಿದ್ದರೆ ಎವಿಎನ್‌ಆರ್‌ಟಿ ಪ್ರಾಣಕ್ಕೆ ಎರವಾಗುವುದು ಅಪರೂಪ, ಅಲ್ಲಿಯವರೆಗೆ ಮಾತ್ರೆ ನಡೆಯುತ್ತದೆ. ಬಡಿತ ಏರಿದಾಗ ಅರೆಕುಳಿತು, 10 ಎಂಎಲ್ ಸಿರಿಂಜಿನ ಬಾಯಿಗೆ ಅದರ ಪ್ಲಂಜರ್ (ಒಳಗಿನ ತಳ್ಳುವ ದಂಡ) ತುಸು ಸರಿಯುವಷ್ಟು ಬಿರುಸಾಗಿ 15 ಸೆಕೆಂಡ್ ಊದಲಿ. ತಕ್ಷಣ ಅಂಗಾತ ಮಲಗಿಸಿ ಎರಡೂ ಕಾಲನ್ನು 45 ಡಿಗ್ರಿಗೆ ಎತ್ತಿ ಇನ್ನೊಂದು 15 ಸೆಕೆಂಡ್ ಹಿಡಿಯಿರಿ. ಇದನ್ನು ಅವರ ಡಾಕ್ಟರ ಎದುರಿಗೇ ಒಮ್ಮೆ ಕಲಿತುಕೊಳ್ಳಿ. ಎದೆನೋವು, ಕಣ್ಣುಕತ್ತಲೆ ಬಂದರೆ ಊದುತ್ತ ಕೂರದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.