ಶುಂಠಿ ಬಾಡುತ್ತಿದೆ, ನ್ಯಾನೋ ತಾಮ್ರ ಕೊಡಬಹುದಾ?

ಬನವಾಸಿ ಹತ್ತಿರದ ಗದ್ದೆಯಲ್ಲಿ ಶುಂಠಿ ಎಲೆ ಸುರುಳಿ ಸುತ್ತಿ ಬಾಡ್ತಾ ಇದೆ, ಅಂಗಡಿಯಲ್ಲಿ ಕೊಟ್ಟ ನ್ಯಾನೋ ತಾಮ್ರ (ಕಣ್ಣಿಗೆ ಕಾಣದಷ್ಟು ಸಣ್ಣ ತಾಮ್ರದ ಕಣಗಳ ದ್ರವ) ಬುಡಕ್ಕೆ ಹೊಯ್ದರೆ ನಿಲ್ಲುತ್ತಾ ಅಂತ ಕೇಳಿದ್ದೀರಿ. ನಾನು ಶಿರಸಿ ಕಡೆಯವನು. ಎರಡು ವರ್ಷದ ಹಿಂದೆ ಹೀಗೇ ಬಾಟಲಿ ನಂಬಿ 8 ಗುಂಟೆ ಶುಂಠಿ ಕಳೆದುಕೊಂಡೆ. ದಯವಿಟ್ಟು ಸ್ವಲ್ಪ ತಡೆಯಿರಿ.

ಮೊದಲು ಒಂದು ಗ್ಲಾಸ್ ತಿಳಿನೀರು ತಗೊಳ್ಳಿ. ಬಾಡಿದ ದಂಟನ್ನು ಬುಡದ ಹತ್ತಿರ ಕೊಯ್ದು, ಕೊಯ್ದ ತುದಿ ನೀರಿಗೆ ತಾಗುವ ಹಾಗೆ ಅಲುಗಾಡಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನ ಎಳೆಯಂಥದ್ದು ಕೆಳಗಿಳಿದರೆ ಅದು ದುಂಡಾಣು ಸೊರಗು ರೋಗ, ರಾಲ್ಸ್ಟೋನಿಯಾ ಅನ್ನೋ ಬ್ಯಾಕ್ಟೀರಿಯಾದ್ದು. ಎಳೆ ಕಾಣದೆ, ಗಿಡ ಹಳದಿಯಾಗಿ ಎಳೆದ ಕೂಡಲೇ ಕಿತ್ತು ಬಂದರೆ ಗಡ್ಡೆ ಕೊಳೆ ಇರಬಹುದು. ಅದರ ಔಷಧಿಯೇ ಬೇರೆ.

ನ್ಯಾನೋ ಅನ್ನೋದು ಸುಳ್ಳೇನಲ್ಲ. ಅಡಿಕೆಗೆ ಹೊಡೆಯುವ ಬೋರ್ಡೋದಲ್ಲೂ ಇರೋದು ತಾಮ್ರವೇ ಅಲ್ವಾ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ತಾಮ್ರದ ತುಂಡನ್ನು 10 ನ್ಯಾನೋಮೀಟರಿನ (ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್) ಚೂರು ಮಾಡಿದರೆ, ಆ ಚೂರುಗಳ ಹೊರಮೈ ಎಲ್ಲಾ ಸೇರಿ ಹತ್ತಿರ ಹತ್ತಿರ 6 ಗುಂಟೆ ಆಗುತ್ತದೆ! ಅದಕ್ಕೇ ಸ್ವಲ್ಪ ಲೋಹವೇ ಜಾಸ್ತಿ ಬ್ಯಾಕ್ಟೀರಿಯಾಕ್ಕೆ ತಾಗಿ ಅದರ ಪೊರೆ ಹಾಳುಮಾಡುತ್ತದೆ. ಫ್ಲೋರಿಡಾದಲ್ಲಿ ಟೊಮೆಟೊ ಎಲೆಚುಕ್ಕೆಯ ಬ್ಯಾಕ್ಟೀರಿಯಾ ಮಾಮೂಲಿ ತಾಮ್ರಕ್ಕೆ ಬಗ್ಗದೆ ಹೋದಾಗ, ಮೆಗ್ನೀಸಿಯಮ್ ಆಕ್ಸೈಡಿನ ನ್ಯಾನೋ ಕಣಗಳು ಹೊಲದಲ್ಲೂ ರೋಗ ತಗ್ಗಿಸಿವೆ.

ಆದರೆ ಅದು ಎಲೆ ಮೇಲಿನ ರೋಗ. ಗ್ಲಾಸಿನಲ್ಲಿ ಹಾಲಿನ ಎಳೆ ಇಳಿದಿದ್ದರೆ ನಿಮ್ಮದು ದುಂಡಾಣು ಸೊರಗು, ಅದು ಮಣ್ಣಲ್ಲೂ ದಂಟಿನ ಒಳಗಿನ ನೀರಿನ ನಾಳದಲ್ಲೂ ಕೂತಿರುತ್ತದೆ. ಬುಡಕ್ಕೆ ಹೊಯ್ದದ್ದು ಜೇಡಿಗೆ, ಗೊಬ್ಬರಕ್ಕೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ. ನ್ಯಾನೋ ಬೆಳ್ಳಿ ಆದರಂತೂ ಮಣ್ಣಿನ ಒಳ್ಳೆ ಜೀವಿಗಳನ್ನೂ ಕೊಲ್ಲಬಹುದು. ಬಾಟಲಿಯ ಲೇಬಲ್ ಓದಿ. ಗೊಬ್ಬರ ಅಂತ ಇದ್ದರೆ ಅದು ತಾಮ್ರದ ಕೊರತೆಗೆ, ರೋಗಕ್ಕಲ್ಲ. ರೋಗದ ಔಷಧಿಗೆ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕು.

ಈಗ ಬಾಡಿದ ಗಿಡವನ್ನು ಬುಡದ ಮಣ್ಣಿನ ಸಮೇತ ತೆಗೆದು ದೂರ ಹಾಕಿ, ಕಾಲುವೆಗೆ ಮಾತ್ರ ಬಿಸಾಡಬೇಡಿ. ಆ ಮಡಿಯ ನೀರು ಪಕ್ಕದ ಮಡಿಗೆ ಹೋಗದ ಹಾಗೆ ಬಸಿಗಾಲುವೆ ತಿರುಗಿಸಿ. ನಾನು ಇದನ್ನೇ ಬಿಟ್ಟಿದ್ದೆ, ಒಂದೇ ಮಳೆಗೆ ಕೆಳಗಿನ ಸಾಲು ಪೂರ್ತಿ ಹೋಯಿತು. ಈ ಗದ್ದೆಯ ಗಡ್ಡೆಯನ್ನು ಬೀಜಕ್ಕೆ ಇಡಬೇಡಿ, ಚೆನ್ನಾಗಿ ಕಂಡರೂ ಬೇಡ. ಮುಂದಿನ ವರ್ಷ ಅಲ್ಲಿ ಭತ್ತ ಹಾಕಿ. ಟೊಮೆಟೊ, ಬದನೆ, ಮೆಣಸಿನಕಾಯಿ ಬೇಡ.

ಗ್ಲಾಸಿನಲ್ಲಿ ಏನು ಕಂಡಿತು ಅಂತ ಇಲ್ಲೇ ಬರೆಯಿರಿ, ಫೋಟೋ ಇದ್ದರೆ ಇನ್ನೂ ಒಳ್ಳೆಯದು.